ಅಮೆರಿಕದ ಮೈಲಿ, ನಮ್ಮ ಚದರಡಿ

ಸಂಜೆ ಹೊತ್ತು ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಸೇರುವ ನಾಲ್ಕೈದು ಮಂದಿ ನಿವೃತ್ತರಲ್ಲಿ ನಾನೂ ಒಬ್ಬ. ಆರು ತಿಂಗಳು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದು ಹಿಂತಿರುಗಿದ ಮಿತ್ರರೊಬ್ಬರು ಮೊನ್ನೆ ಅಲ್ಲಿಯ ವಿಚಿತ್ರಗಳನ್ನು ವರ್ಣಿಸುತ್ತಿದ್ದರು.

"ಅಲ್ಲ ಸ್ವಾಮಿ, ಚಂದ್ರನ ಮೇಲೆ ಕಾಲಿಟ್ಟ ಜನ! ದಾರಿಯನ್ನು ಇನ್ನೂ ಮೈಲಿಯಲ್ಲಿ ಅಳೆಯುತ್ತಾರೆ. ಪೆಟ್ರೋಲು ಗ್ಯಾಲನ್ ಲೆಕ್ಕ, ತರಕಾರಿ ಪೌಂಡಿನ ಲೆಕ್ಕ, ಹವೆಗೆ ಫ್ಯಾರನ್‌ಹೀಟು. ನಾವು ಅರುವತ್ತು ವರ್ಷದ ಹಿಂದೆಯೇ ಬಿಸಾಡಿದ್ದನ್ನು ಅವರು ಎದೆಗವಚಿಕೊಂಡು ಕೂತಿದ್ದಾರೆ. ಹಠ ಸ್ವಾಮಿ, ಬರಿಯ ಹಠ!"

ಎಲ್ಲರೂ ನಕ್ಕೆವು. ದೊಡ್ಡವರ ದಡ್ಡತನವನ್ನು ಕಂಡು ನಗುವುದರಲ್ಲಿ ಒಂದು ಬಗೆಯ ಸುಖವಿದೆ. ಐದು ನಿಮಿಷ ಕಳೆದ ಮೇಲೆ ಅದೇ ಮಿತ್ರರು ದನಿ ತಗ್ಗಿಸಿ, "ಆ ಮಾತು ಹಾಗಿರಲಿ. ಹೊಸ ಬಡಾವಣೆಯಲ್ಲಿ ಒಂದು ಥರ್ಟಿ ಫಾರ್ಟಿ ಸೈಟು ಬಂದಿದೆ. ಚದರಡಿಗೆ ಐದು ಸಾವಿರ ಹೇಳುತ್ತಾರೆ. ಮಗನಿಗೆ ಒಂದು ಹನ್ನೆರಡು ಚದರದ ಮನೆ ಎಬ್ಬಿಸಿಕೊಡೋಣ ಅಂತ" ಎಂದರು. ಈ ಸಲ ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು: ಮೈಲಿಗೆ ನಕ್ಕವರು ಅಡಿಗೆ ಏಕೆ ನಗಲಿಲ್ಲ?

ಈ ಬರೆಹದ ವಿಷಯ ಅದೇ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ; ಒಪ್ಪದವರು ಇಲ್ಲಿಂದಲೇ ಜಗಳಕ್ಕೆ ನಿಲ್ಲಬಹುದು. ಒಂದು ದೇಶ ಹಳೆಯ ಅಳತೆಯನ್ನು ಉಳಿಸಿಕೊಂಡಿದ್ದರೆ ಅದಕ್ಕೆ ಜನರ ಹಠ ಕಾರಣವಲ್ಲ, ಹಿರಿಯರ ಮೇಲಿನ ಭಕ್ತಿಯೂ ಕಾರಣವಲ್ಲ. "ಇಂಥ ದಿನದಿಂದ ಇದು ಸಲ್ಲದು" ಎಂದು ಹೇಳಬೇಕಾದವರು ಆ ದಿನವನ್ನು ಹೇಳದೆ ಹೋದದ್ದೇ ಕಾರಣ. ಅಮೆರಿಕ ಹೇಳಲಿಲ್ಲ. ನಾವು ಅರ್ಧ ಹೇಳಿದೆವು, ಇನ್ನರ್ಧವನ್ನು ನುಂಗಿಕೊಂಡೆವು. ನುಂಗಿಕೊಂಡ ಅರ್ಧದ ಬೆಲೆಯನ್ನು ತೆರುತ್ತಿರುವವರು ನಾವು ನೀವು.

ಮೊದಲು ಅಮೆರಿಕದವರ ಮೇಲಿನ ಆರೋಪಗಳನ್ನು ಒಂದೊಂದಾಗಿ ನೋಡೋಣ. ಅವರಿಗೆ ಮೆಟ್ರಿಕ್ ಪದ್ಧತಿ ಗೊತ್ತಿಲ್ಲ, ಗೊತ್ತಿದ್ದರೂ ಬೇಡವಾಗಿತ್ತು ಎಂಬುದು ಮೊದಲನೆಯ ಆರೋಪ. ಇದು ಶುದ್ಧ ಸುಳ್ಳು. 1790ರಲ್ಲಿಯೇ, ಫ್ರಾನ್ಸಿನಲ್ಲಿ ಮೀಟರು ಹುಟ್ಟುವ ಮೊದಲೇ, ಥಾಮಸ್ ಜೆಫರ್ಸನ್ ಅಳತೆ ತೂಕಗಳನ್ನು ಹತ್ತರ ಲೆಕ್ಕಕ್ಕೆ ತರುವ ಯೋಜನೆಯನ್ನು ಅಲ್ಲಿಯ ಸಂಸತ್ತಿನ ಮುಂದಿಟ್ಟಿದ್ದ. 1792ರಲ್ಲಿ ಆ ದೇಶ ಡಾಲರಿಗೆ ನೂರು ಸೆಂಟು ಎಂಬ ದಶಮಾನ ನಾಣ್ಯವನ್ನು ಕಾನೂನಿನಿಂದ ಜಾರಿಗೆ ತಂದಿತು. ನಮ್ಮ ರೂಪಾಯಿ ಹದಿನಾರಾಣೆಯ ಕಟ್ಟಿನಿಂದ ಬಿಡಿಸಿಕೊಂಡದ್ದು 1957ರಲ್ಲಿ; ಅವರಿಗಿಂತ 165 ವರ್ಷ ತಡವಾಗಿ. 1866ರಲ್ಲಿ ಮೆಟ್ರಿಕ್ ಅಳತೆಯಲ್ಲಿ ವ್ಯವಹರಿಸುವುದು ಅಲ್ಲಿ ಕಾನೂನುಬದ್ಧವಾಯಿತು. 1875ರಲ್ಲಿ ಪ್ಯಾರಿಸಿನಲ್ಲಿ ಮೀಟರಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ ಹದಿನೇಳು ದೇಶಗಳಲ್ಲಿ ಅಮೆರಿಕವೂ ಒಂದು. 1893ರಿಂದ ಅವರ ಗಜಕ್ಕೂ ಪೌಂಡಿಗೂ ಸ್ವಂತ ಆಧಾರವೇ ಇಲ್ಲ. ಮೀಟರು ಕಿಲೋಗ್ರಾಮುಗಳ ಇಂತಿಷ್ಟು ಭಾಗವೆಂದೇ ಅವಕ್ಕೆ ವ್ಯಾಖ್ಯೆ. 1959ರಲ್ಲಿ ಆರು ದೇಶಗಳು ಕೂಡಿ ಒಂದು ಗಜವೆಂದರೆ 0.9144 ಮೀಟರ್ ಎಂದು ಗೆರೆ ಕೊರೆದ ಮೇಲೆ ಅಂಗುಲವೆಂದರೆ ಸರಿಯಾಗಿ 25.4 ಮಿಲಿಮೀಟರ್ ಎಂದಾಯಿತು. ಅಂದರೆ ಅಮೆರಿಕದ ಅಂಗುಲ ಮೀಟರಿನ ಮನೆಯ ಬಾಡಿಗೆದಾರ. ಬಾಗಿಲಿಗೆ ತನ್ನ ಹೆಸರಿನ ಹಲಗೆ ಹಾಕಿಕೊಂಡಿದೆ, ಅಷ್ಟೆ.

ಎರಡನೆಯದು ಆರೋಪವಲ್ಲ, ಒಂದು ಸ್ವಾರಸ್ಯವಾದ ಕಥೆ. ಜೋಸೆಫ್ ಡೋಂಬೆ ಎಂಬ ಸಸ್ಯವಿಜ್ಞಾನಿಯ ಕೈಯಲ್ಲಿ ಫ್ರೆಂಚ್ ಸರ್ಕಾರ ಹೊಸ ಪದ್ಧತಿಯ ಅಳತೆಗೋಲನ್ನೂ ತಾಮ್ರದ ತೂಕವನ್ನೂ ಕೊಟ್ಟು ಅಮೆರಿಕಕ್ಕೆ ಕಳುಹಿಸಿತು. ಬಿರುಗಾಳಿ ಹಡಗನ್ನು ಕೆರಿಬಿಯನ್ ಸಮುದ್ರಕ್ಕೆ ತಳ್ಳಿತು. ಅಲ್ಲಿ ಕಡಲುಗಳ್ಳರು ಆತನನ್ನು ಹಿಡಿದು ಮಾಂಟ್‌ಸೆರಾಟ್ ದ್ವೀಪದಲ್ಲಿ ಸೆರೆಯಲ್ಲಿಟ್ಟರು. 1794ರಲ್ಲಿ ಆತ ಅಲ್ಲಿಯೇ ತೀರಿಕೊಂಡ. ಆ ಒಂದು ಹಡಗು ದಡ ಸೇರಿದ್ದಿದ್ದರೆ ಅಮೆರಿಕ ಇಂದು ಕಿಲೋಮೀಟರಿನಲ್ಲಿ ನಡೆಯುತ್ತಿತ್ತು ಎಂದು ಕೆಲವರು ಬರೆಯುತ್ತಾರೆ. ಡೋಂಬೆಯ ಪಾಡು ನಿಜ, ಮರುಕ ಹುಟ್ಟಿಸುವಂಥದು. ಆದರೆ ದೇಶದ ಅಳತೆ ಬದಲಾಗದೆ ಉಳಿದದ್ದಕ್ಕೆ ಕಡಲುಗಳ್ಳರನ್ನು ಹೊಣೆ ಮಾಡುವುದು, ಮದುವೆ ಮುರಿದದ್ದಕ್ಕೆ ಅಡ್ಡ ಬಂದ ಬೆಕ್ಕನ್ನು ದೂರಿದಂತೆ. ಅಳತೆಯ ಮಾದರಿಗಳು ಮುಂದೆ ಬೇಕಾದಷ್ಟು ಬಂದವು. 1890ರಲ್ಲಿ ಅಧಿಕೃತ ಮೀಟರೂ ಕಿಲೋಗ್ರಾಮೂ ವಾಷಿಂಗ್ಟನ್ನಿಗೆ ಕ್ಷೇಮವಾಗಿ ತಲುಪಿದವು. ಆಮೇಲೂ ಅಂಗಡಿಯ ತಕ್ಕಡಿ ಬದಲಾಗಲಿಲ್ಲವಲ್ಲ?

ಮೂರನೆಯ ವಾದ ಸಂಪ್ರದಾಯದ್ದು. ಇದನ್ನು ಹೇಳುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಅಡಿ ಮನುಷ್ಯನ ಪಾದದಿಂದ ಬಂದದ್ದು, ಅಂಗುಲ ಬೆರಳಿನಿಂದ ಬಂದದ್ದು, ಹಳೆಯ ಅಳತೆಗೆ ಮೈಯ ಕಾವಿದೆ, ಮೀಟರಿಗೆ ಪ್ರಯೋಗಶಾಲೆಯ ತಣ್ಣಗಿನ ವಾಸನೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ನಮ್ಮ ಅಜ್ಜಿ ಕಾಗದ ಪೆನ್ಸಿಲ್ಲು ಮುಟ್ಟಿದವಳಲ್ಲ. ಆದರೂ ಸೇರನ್ನು ಅಚ್ಚೇರು ಮಾಡಿ, ಅಚ್ಚೇರನ್ನು ಪಾವು ಮಾಡಿ, ಪಾವನ್ನು ಚಟಾಕಿನವರೆಗೆ ಅರ್ಧರ್ಧ ಮಾಡುತ್ತ ಮನೆಮಂದಿಗೆಲ್ಲ ಅಕ್ಕಿ ಸರಿದೂಗಿಸುತ್ತಿದ್ದಳು. ಹದಿನಾರನ್ನು ನಾಲ್ಕು ಸಲ ಅರ್ಧ ಮಾಡಬಹುದು. ಹತ್ತನ್ನು ಎರಡನೆಯ ಸಲ ಅರ್ಧ ಮಾಡಹೊರಟರೆ ಭಿನ್ನರಾಶಿ ಎದುರಾಗುತ್ತದೆ. ಈ ಸವಲತ್ತು ಕಡೆಗಣಿಸುವಂಥದಲ್ಲ.

ಆದರೆ ಸಂಪ್ರದಾಯವೆನ್ನುವವರನ್ನು ಒಂದು ಪ್ರಶ್ನೆ ಕೇಳಬೇಕು: ಯಾರ ಸಂಪ್ರದಾಯ? ಅಮೆರಿಕದ ಮೈಲಿ ಪೌಂಡುಗಳು ಇಂಗ್ಲೆಂಡಿನಿಂದ ಬಂದವು. ಆ ಇಂಗ್ಲೆಂಡನ್ನು ಹೊಡೆದೋಡಿಸಿಯೇ ಅವರು ಸ್ವತಂತ್ರರಾದದ್ದು. ಇನ್ನು ಗ್ಯಾಲನ್ನಿನ ಸಂಗತಿಯಂತೂ ತಮಾಷೆ. 1824ರಲ್ಲಿ ಇಂಗ್ಲೆಂಡು ತನ್ನ ಗ್ಯಾಲನ್ನನ್ನು ಬದಲಾಯಿಸಿಕೊಂಡಿತು. ಅಮೆರಿಕ ಹಳೆಯದನ್ನೇ ಇಟ್ಟುಕೊಂಡಿತು. ಹೀಗಾಗಿ ಬ್ರಿಟಿಷ್ ಗ್ಯಾಲನ್ನು ಸುಮಾರು 4.546 ಲೀಟರು, ಅಮೆರಿಕದ ಗ್ಯಾಲನ್ನು ಸುಮಾರು 3.785 ಲೀಟರು. ಒಂದೇ ಹೆಸರು, ಎರಡು ಕೊಡ. ಸಂಪ್ರದಾಯವೆಂದು ಪೂಜಿಸಬೇಕಾದದ್ದು ಯಾವ ಕೊಡವನ್ನು?

ನಮ್ಮ ಎಕರೆಯ ಕುಲಗೋತ್ರವೂ ಇಷ್ಟೇ. ಎಕರೆ ಇಂಗ್ಲೆಂಡಿನ ಹೊಲದಿಂದ ಬಂದದ್ದು. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ ಹದಿನೇಳನೆಯ ಶತಮಾನದಲ್ಲಿ ಮಾಡಿದ ಸರಪಳಿಯ ಉದ್ದ 66 ಅಡಿ. ಅದರ ಅರ್ಧ 33 ಅಡಿ. ಮೂವತ್ತಮೂರಡಿ ಉದ್ದ ಮೂವತ್ತಮೂರಡಿ ಅಗಲ ಸೇರಿದರೆ 1,089 ಚದರಡಿ. ಅದೇ ನಮ್ಮ ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ಅದಕ್ಕೆ ಮುಂಚೆ ಮೈಸೂರು ಸೀಮೆಯ ರೈತ ತನ್ನ ಗದ್ದೆಯನ್ನು ಬಿತ್ತನೆಯ ಲೆಕ್ಕದಲ್ಲಿ, ಇಷ್ಟು ಕೊಳಗದ ಗದ್ದೆ, ಇಷ್ಟು ಖಂಡುಗದ ಗದ್ದೆ ಎಂದು ಹೇಳುತ್ತಿದ್ದ. ಕಂದಾಯ ಸರ್ವೆಯವರು ಸರಪಳಿ ಹಿಡಿದು ಬಂದ ಮೇಲೆ ಕೊಳಗ ಹಿಂದೆ ಸರಿದು ಎಕರೆ ಮುಂದೆ ಬಂತು. ಆದುದರಿಂದ ಎಕರೆಯನ್ನು ಬಿಡಬೇಕೆಂದರೆ ಪೂರ್ವಿಕರಿಗೆ ದ್ರೋಹವಾಗುತ್ತದೆಂದು ಯಾರೂ ಕಣ್ಣೀರು ಸುರಿಸಬೇಕಾಗಿಲ್ಲ. ಪೂರ್ವಿಕರ ಅಳತೆ ಯಾವತ್ತೋ ಹೋಯಿತು. ನಾವು ಕಾಪಾಡುತ್ತಿರುವುದು ದೊರೆಗಳ ಸರಪಳಿಯನ್ನು.

ಉಳಿದದ್ದು ನಾಲ್ಕನೆಯ ವಾದ, ಖರ್ಚಿನದು. ಇದು ಮಾತ್ರ ಗಟ್ಟಿ ವಾದ. ಅಮೆರಿಕದ ಕಾರ್ಖಾನೆಗಳು ಅಂಗುಲದ ಅಳತೆಯಲ್ಲಿ ಬೆಳೆದವು. ತಿರುಪು, ನಟ್ಟು, ಕೊಳವೆ, ಲೇತು, ಮನೆಯ ಮರಮುಟ್ಟು, ಭೂಮಿಯ ಪತ್ರ, ಹೆದ್ದಾರಿಯ ಫಲಕ ಎಲ್ಲದರಲ್ಲಿಯೂ ಅಂಗುಲ, ಅಡಿ, ಮೈಲಿ ಹೊಕ್ಕು ಕುಳಿತಿವೆ. ಬದಲಾಯಿಸುವ ಖರ್ಚು ಇಂದು, ಅದೂ ಬದಲಾಯಿಸುವವನ ಜೇಬಿನಿಂದ. ಬದಲಾವಣೆಯ ಲಾಭ ನಾಳೆ, ಅದೂ ಎಲ್ಲರಿಗೂ ಹಂಚಿ. ಹೀಗಿರುವಾಗ ಯಾವ ವರ್ತಕ ತಾನಾಗಿಯೇ ಮೊದಲ ಹೆಜ್ಜೆ ಇಟ್ಟಾನು? ಪಕ್ಕದ ಅಂಗಡಿಯವನು ಪೌಂಡಿನಲ್ಲಿಯೇ ಮಾರುತ್ತಿರುವಾಗ ತಾನೊಬ್ಬನೇ ಕಿಲೋಗ್ರಾಮಿನ ಫಲಕ ತೂಗುಹಾಕಿದರೆ, ಗಿರಾಕಿ ಬೆಲೆ ಹೆಚ್ಚಾಯಿತೆಂದು ಬೆದರಿ ಪಕ್ಕದವನ ಕಡೆಗೇ ಹೋಗುತ್ತಾನೆ. ಇದು ಹಠವಲ್ಲ, ವ್ಯಾಪಾರದ ಸಾಮಾನ್ಯ ಬುದ್ಧಿ. ಒಬ್ಬೊಬ್ಬನ ಬುದ್ಧಿ ಸೇರಿ ಊರಿಗೆಲ್ಲ ನಷ್ಟವಾಗುವ ಇಂಥ ಸಂದರ್ಭಕ್ಕಾಗಿಯೇ ಸರ್ಕಾರ ಎಂಬುದೊಂದು ಇರುವುದು.

ಆ ಸರ್ಕಾರ ಏನು ಮಾಡಿತು? 1971ರಲ್ಲಿ ಅಲ್ಲಿಯ ತಜ್ಞರು ಸಂಸತ್ತಿಗೆ ವರದಿ ಒಪ್ಪಿಸಿ, ಯೋಜನೆ ಹಾಕಿಕೊಂಡು ಹತ್ತು ವರ್ಷದೊಳಗೆ ಮೆಟ್ರಿಕ್ಕಿಗೆ ಬದಲಾಗಬೇಕೆಂದು ಸಲಹೆ ಮಾಡಿದರು. 1975ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೋರ್ಡ್ ಮೆಟ್ರಿಕ್ ಕಾಯಿದೆಗೆ ಸಹಿ ಹಾಕಿದರು. ಆದರೆ ಆ ಕಾಯಿದೆಯಲ್ಲಿ ಹತ್ತು ವರ್ಷದ ಗಡುವು ಮಾಯವಾಗಿತ್ತು; ಬದಲಾವಣೆ ಅವರವರ ಇಷ್ಟಕ್ಕೆ ಬಿಟ್ಟದ್ದೆಂದು ಸೇರಿಕೊಂಡಿತ್ತು. ನೋಡಿಕೊಳ್ಳಲು ಒಂದು ಮಂಡಳಿ ಏನೋ ಆಯಿತು. ಆದರೆ ಅದಕ್ಕೆ ಹಲ್ಲಿರಲಿಲ್ಲ. 1982ರಲ್ಲಿ ಅಧ್ಯಕ್ಷ ರೇಗನ್ ಕಾಲದಲ್ಲಿ ಆ ಮಂಡಳಿಯನ್ನೂ ಮುಚ್ಚಿದರು. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡು ಕೋಣೆಗೂ ಬೆಳಕಿಲ್ಲ. ಅರಿಜೋನಾ ರಾಜ್ಯದಲ್ಲಿ ಟೂಸಾನಿನಿಂದ ಮೆಕ್ಸಿಕೋದ ಗಡಿಗೆ ಹೋಗುವ ಒಂದು ಹೆದ್ದಾರಿಯಲ್ಲಿ ಕಿಲೋಮೀಟರಿನ ಫಲಕಗಳನ್ನು ನಿಲ್ಲಿಸಿದರು. ಪಕ್ಕದ ರಸ್ತೆಗೆ ಹೊರಳಿದರೆ ಮತ್ತೆ ಮೈಲಿ!

ಇದೇ ದಶಕದಲ್ಲಿ ಆಸ್ಟ್ರೇಲಿಯ ಏನು ಮಾಡಿತು ನೋಡಿ. ಅದೂ ಇಂಗ್ಲೆಂಡಿನ ಮಗುವೇ, ಅಲ್ಲಿಯೂ ಮೈಲಿಯೇ ಇತ್ತು, ರಸ್ತೆಗಳೂ ನಮ್ಮ ನಿಮ್ಮ ಊಹೆಗೆ ಮೀರಿದ ಉದ್ದ. 1974ರ ಜುಲೈ ಎಂದು ತಿಂಗಳನ್ನು ಗೊತ್ತುಮಾಡಿ, ಆ ಒಂದೇ ತಿಂಗಳಲ್ಲಿ ದೇಶದ ರಸ್ತೆ ಫಲಕಗಳನ್ನು ಕಿಲೋಮೀಟರಿಗೆ ಬದಲಾಯಿಸಿದರು. ಆಸ್ಟ್ರೇಲಿಯದವರು ಅಮೆರಿಕದವರಿಗಿಂತ ಬುದ್ಧಿವಂತರೇ? ಹಾಗೇನೂ ಇಲ್ಲ. ಅವರಿಗೆ ಒಂದು ತಾರೀಖು ಇತ್ತು.

ಎರಡು ಅಳತೆ ಇದ್ದರೇನು ಕಷ್ಟ, ಅವರವರ ಅನುಕೂಲ ಅವರವರಿಗೆ ಎನ್ನುವ ಉದಾರಿಗಳಿದ್ದಾರೆ. ಅವರು ಕೆಲವು ಸಂಗತಿಗಳನ್ನು ಕೇಳಬೇಕು. 1998ರಲ್ಲಿ ಅಮೆರಿಕ ಮಂಗಳಗ್ರಹಕ್ಕೆ ಒಂದು ನೌಕೆ ಕಳುಹಿಸಿತು. ಅದನ್ನು ಕಟ್ಟಿದವರ ಕಡೆಯ ಲೆಕ್ಕ ಪೌಂಡಿನಲ್ಲಿತ್ತು. ನಡೆಸುವವರು ಅದನ್ನು ನ್ಯೂಟನ್ನಿನ ಲೆಕ್ಕವೆಂದು ತಿಳಿದರು. ಒಂಬತ್ತು ತಿಂಗಳು ಪ್ರಯಾಣ ಮಾಡಿದ ನೌಕೆ 1999ರ ಸೆಪ್ಟೆಂಬರಿನಲ್ಲಿ ಗ್ರಹಕ್ಕೆ ತೀರ ಹತ್ತಿರ ಹೋಗಿ ನಾಶವಾಯಿತು. ಅಲ್ಲಿ ಸುಟ್ಟದ್ದು ದುಡ್ಡು ಮಾತ್ರ. 1983ರಲ್ಲಿ ಕೆನಡಾ ದೇಶ ಹಳೆಯದರಿಂದ ಹೊಸದಕ್ಕೆ ಬದಲಾಗುತ್ತಿದ್ದ ಕಾಲ. ಒಂದು ವಿಮಾನಕ್ಕೆ ಇಂಧನ ತುಂಬುವಾಗ ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸುವ ಬದಲು ಪೌಂಡಿಗೆ ತಿರುಗಿಸುವ ಸಂಖ್ಯೆಯಿಂದ ಗುಣಿಸಿದರು. ಬೇಕಾದುದರ ಅರ್ಧಕ್ಕಿಂತ ಕಡಮೆ ಇಂಧನದೊಂದಿಗೆ ಹಾರಿದ ವಿಮಾನದ ಎರಡು ಎಂಜಿನ್ನುಗಳೂ ನಡು ಆಕಾಶದಲ್ಲಿ ನಿಂತವು. ವಿಮಾನ ಚಾಲಕರ ಚಾತುರ್ಯದಿಂದ ಅದು ಗಿಮ್ಲಿ ಎಂಬಲ್ಲಿ ಹಳೆಯ ವಿಮಾನದಾರಿಯೊಂದರ ಮೇಲೆ ತೇಲಿಕೊಂಡು ಇಳಿಯಿತು. ಒಳಗಿದ್ದ 69 ಮಂದಿಯೂ ಬದುಕಿದರು. ಬದಲಾವಣೆ ಅಪಾಯವೆಂದು ಇದರಿಂದ ತೀರ್ಮಾನಿಸುವವರು ತಲೆಕೆಳಗಾಗಿ ಓದುತ್ತಿದ್ದಾರೆ. ಹಳೆಯದರಲ್ಲಿಯೂ ಅಪಾಯವಿಲ್ಲ, ಹೊಸದರಲ್ಲಿಯೂ ಇಲ್ಲ. ಅಪಾಯವಿರುವುದು ಎರಡರ ನಡುವಿನ ಹೊಸಿಲಿನ ಮೇಲೆ. ಹೊಸಿಲಿನ ಮೇಲೆ ಬೇಗ ದಾಟಿಕೊಳ್ಳಬೇಕು, ಅಲ್ಲಿ ಹಾಸಿಗೆ ಹಾಸಬಾರದು.

ಇವು ದೊಡ್ಡವರ ಸಂಗತಿಗಳಾದವು. ಮನೆಯೊಳಗಿನದನ್ನು ಹೇಳುತ್ತೇನೆ. ಮಕ್ಕಳಿಗೆ ಕುಡಿಸುವ ಔಷಧಿಯನ್ನು ಟೀ ಚಮಚೆಯಲ್ಲಿ ಬರೆದುಕೊಡುವ ಅಭ್ಯಾಸ ಅಮೆರಿಕದಲ್ಲಿತ್ತು. ಅವರ ಅಳತೆಯಲ್ಲಿ ಟೀ ಚಮಚೆಯೆಂದರೆ ಸುಮಾರು ಐದು ಮಿಲಿಲೀಟರು, ಊಟದ ದೊಡ್ಡ ಚಮಚೆಯೆಂದರೆ ಸುಮಾರು ಹದಿನೈದು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ತಾಯಿ ಒಂದರ ಬದಲು ಇನ್ನೊಂದನ್ನು ಎತ್ತಿಕೊಂಡರೆ ಮಗುವಿನ ಹೊಟ್ಟೆಗೆ ಮೂರು ಪಾಲು ಔಷಧಿ. ಇದನ್ನು ಕಂಡೇ ಅಲ್ಲಿಯ ಮಕ್ಕಳ ವೈದ್ಯರ ಸಂಘ 2015ರಲ್ಲಿ, ಕುಡಿಸುವ ಔಷಧಿಯನ್ನು ಮಿಲಿಲೀಟರಿನಲ್ಲಿಯೇ ಬರೆಯಬೇಕು, ಚಮಚೆಯ ಮಾತೇ ಬೇಡ ಎಂದು ಹೇಳಿತು. ಅಳತೆ ಎಂಬುದು ಪಂಡಿತರ ಚರ್ಚೆಯಲ್ಲ. ಅದು ಕೊನೆಗೆ ಒಂದು ಮಗುವಿನ ಬಾಯಿಗೆ ಹೋಗಿ ಮುಟ್ಟುತ್ತದೆ.

ಇನ್ನು ನಮ್ಮ ಕಡೆಗೆ ತಿರುಗೋಣ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಗಾದೆ ನಮಗೆಲ್ಲ ಬಾಯಿಪಾಠವಷ್ಟೆ.

ನಾವು ಹೆಮ್ಮೆಪಡಬೇಕಾದ ಅರ್ಧ ಮೊದಲು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಆಯಿತು. ಆಣೆಯೊಂದಕ್ಕೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಕಾಲು ಯಾರ ಪಾಲಿಗೆ ಎಂದು ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ ವಾಗ್ವಾದ. ಆದರೂ ಏಳೇ ವರ್ಷದಲ್ಲಿ, 1964ರಲ್ಲಿ, 'ನಯಾ' ಎಂಬ ಮಾತೇ ಬೇಡವಾಗಿ ಬರಿಯ ಪೈಸೆ ಉಳಿಯಿತು. ತೂಕ ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಅಂಗಡಿಗೆ ಕಾಲಿಟ್ಟಿತು. 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಸೇರು ಮಣಗಳ ಕಾಲ ಕಾನೂನಿನ ಲೆಕ್ಕದಲ್ಲಿ ಮುಗಿಯಿತು. ಕಾರ್ಖಾನೆಗಳು ಇನ್ನೂ ಏಳುತ್ತಿರುವಾಗಲೇ ಬದಲಾಯಿಸಿದರೆ ಖರ್ಚು ಕಡಮೆ, ಎದ್ದು ನಿಂತ ಮೇಲೆ ಹತ್ತರಷ್ಟಾದೀತು ಎಂಬ ಮುಂದಾಲೋಚನೆ ಆಗ ಇತ್ತು. ಅಮೆರಿಕದವರು ಕಳೆದುಕೊಂಡ ಗಳಿಗೆಯನ್ನು ನಾವು ಹಿಡಿದುಕೊಂಡೆವು.

ಆಗ ನಮ್ಮ ಜನರಲ್ಲಿ ಓದುಬರಹ ಬಲ್ಲವರೇ ಕಡಮೆ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ. ಈ ಊರಿನ ಕೊಳಗ ಆ ಊರಿಗೆ ಸಲ್ಲದು. ಇಂಥ ಕಾಡಿನಲ್ಲಿ ಬೆಳೆದ ಜನ ಕಿಲೋಗ್ರಾಮನ್ನು ಹೇಗೆ ಕಲಿತರು? ಭಾಷಣ ಕೇಳಿ ಕಲಿಯಲಿಲ್ಲ. ಅಂಗಡಿಯವನ ತಕ್ಕಡಿಯಿಂದ ಹಳೆಯ ತೂಕದ ಕಲ್ಲು ಹೋಗಿ, ಸರ್ಕಾರದ ಮುದ್ರೆ ಬಿದ್ದ ಹೊಸ ಕಲ್ಲು ಬಂದದ್ದರಿಂದ ಕಲಿತರು. ಹೊಸದನ್ನೂ ತಮ್ಮದಾಗಿಯೇ ಮಾಡಿಕೊಂಡರು. "ಕಾಲು ಕೆಜಿ ಹುರುಳಿಕಾಯಿ, ಅರ್ಧ ಕೆಜಿ ಈರುಳ್ಳಿ" ಎಂದು ಕೇಳುವ ಗೃಹಿಣಿ, ನಮ್ಮ ಅಜ್ಜಿಯ ಅರ್ಧರ್ಧ ಮಾಡುವ ಜಾಣತನವನ್ನು ಕಿಲೋಗ್ರಾಮಿನೊಳಗೇ ಉಳಿಸಿಕೊಂಡಿದ್ದಾಳೆ. ಸಂಪ್ರದಾಯ ಸತ್ತಿತೆಂದು ಅಳುವವರು ಒಮ್ಮೆ ಸಂತೆಗೆ ಹೋಗಿ ಬರಲಿ.

ಇನ್ನು ಎಲೆಯಲ್ಲಿ ಬಿದ್ದಿರುವ ಅರ್ಧ. ತಕ್ಕಡಿಗೆ ಬಂದ ತಾರೀಖು ಭೂಮಿಗೆ ಬರಲೇ ಇಲ್ಲ. ಪಹಣಿಯಲ್ಲಿ ಎಕರೆ ಗುಂಟೆ. ಅದೇ ನೆಲ ಬಡಾವಣೆಯಾದಾಗ ಹಂಚಿಕೆಯ ಪತ್ರದಲ್ಲಿ ಮೀಟರು. ಮಾರುವವನ ಬಾಯಲ್ಲಿ ಚದರಡಿ. ಕಟ್ಟುವ ಮೇಸ್ತ್ರಿಯ ಬಾಯಲ್ಲಿ ಚದರ. ಅಂದರೆ ನೂರು ಚದರಡಿ. ಕರಾವಳಿಗೆ ಹೋದರೆ ಸೆಂಟ್ಸು. ಒಂದು ತುಂಡು ನೆಲಕ್ಕೆ ಇಷ್ಟು ನಾಲಗೆ. 2009ರ ಕಾನೂನು ಮಾಪನ ಕಾಯಿದೆ, ಬೆಲೆ ಹೇಳುವುದೂ ಜಾಹೀರಾತು ಕೊಡುವುದೂ ಮಾನ್ಯ ಮಾಪನದಲ್ಲಿಯೇ ಆಗಬೇಕೆನ್ನುತ್ತದೆ. ಟೆಲಿವಿಷನ್ ಮಾರುವವರು ಅದಕ್ಕೆ ಅಂಜಿಯೋ ಏನೋ, ಸೆಂಟಿಮೀಟರನ್ನು ಮುಂದೆ ಬರೆದು ಅಂಗುಲವನ್ನು ಕಂಸದಲ್ಲಿ ಅಡಗಿಸುತ್ತಾರೆ. ನಿವೇಶನ ಮಾರುವವರಿಗೆ ಆ ಅಂಜಿಕೆಯೂ ಇಲ್ಲ. ಯಾವ ಪತ್ರಿಕೆಯ ಜಾಹೀರಾತಿನ ಪುಟವನ್ನಾದರೂ ತಿರುವಿ ನೋಡಿ.

ಇದರಿಂದ ಯಾರಿಗೇನು ನಷ್ಟ ಎನ್ನುತ್ತೀರಾ? ನಮ್ಮ ಉದ್ಯಾನದ ಮಿತ್ರರ ಸೈಟಿಗೇ ಬನ್ನಿ. ಮರುದಿನ ಅವರು ಕಾಗದಪತ್ರದ ನಕಲು ತಂದು ತೋರಿಸಿದರು. ಅದರಲ್ಲಿ ಬರೆದಿದ್ದದ್ದು 9 ಮೀಟರು, 12 ಮೀಟರು. "ಅದೇ ಥರ್ಟಿ ಫಾರ್ಟಿ ತಾನೆ?" ಎಂದರು. ನಾವು ಬೆಂಚಿನ ಮೇಲೆಯೇ ಲೆಕ್ಕ ಹಾಕಿದೆವು. ಮೂವತ್ತಡಿ ನಲವತ್ತಡಿ ಎಂದರೆ 1,200 ಚದರಡಿ. ಒಂಬತ್ತು ಮೀಟರು ಹನ್ನೆರಡು ಮೀಟರು ಎಂದರೆ 108 ಚದರಮೀಟರು. ಅಡಿಗೆ ತಿರುಗಿಸಿದರೆ ಹೆಚ್ಚುಕಡಮೆ 1,162 ಚದರಡಿ. ಮೂವತ್ತೇಳೂವರೆ ಚದರಡಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ, ಎರಡು ಅಳತೆಗಳ ನಡುವಿನ ಸಂದಿಯಲ್ಲಿ ಬಿತ್ತು. ಚದರಡಿಗೆ ಐದು ಸಾವಿರದಂತೆ 1,200ಕ್ಕೆ ಹಣ ಎಣಿಸಿ ಕೊಟ್ಟಿದ್ದರೆ ಆ ಸಂದಿಯಲ್ಲಿ ಬೀಳುತ್ತಿದ್ದದ್ದು ಸುಮಾರು 1,87,500 ರೂಪಾಯಿ. ಮಿತ್ರರು ಕನ್ನಡಕ ತೆಗೆದು ಒರೆಸಿಕೊಂಡರು. ಪತ್ರದಲ್ಲಿ ಸುಳ್ಳಿರಲಿಲ್ಲ, ಬಾಯಿಮಾತಿನಲ್ಲಿಯೂ ಪೂರಾ ಸುಳ್ಳಿರಲಿಲ್ಲ. ಸೇರಿಗೆ ಸವ್ವಾಸೇರು ಎಂಬುದು ಹೀಗೆಯೇ.

ಮಿತ್ರರು ಓದಿದವರು, ಲೆಕ್ಕ ಹಾಕಿ ಪಾರಾದರು. ಊರಾಚೆಯ ರೈತನ ಪಾಡನ್ನು ಯೋಚಿಸಿ. ಅವನ ಹೊಲಕ್ಕೆ ಗುಂಟೆಗೆ ಐದು ಲಕ್ಷ ಕೊಡುತ್ತೇವೆಂದು ಹೇಳಿದರೆಂದು ಇಟ್ಟುಕೊಳ್ಳಿ. ಲಕ್ಷವೆಂಬ ಮಾತು ಕಿವಿಗೆ ದೊಡ್ಡದು. ಚದರಡಿಯ ಲೆಕ್ಕಕ್ಕೆ ಇಳಿಸಿದರೆ ಅದು ಸುಮಾರು 459 ರೂಪಾಯಿ. ಅದೇ ನೆಲ ಸೈಟಾಗಿ ಚದರಡಿಗೆ ಐದು ಸಾವಿರಕ್ಕೆ ಹೋಗುತ್ತದೆ. ರಸ್ತೆ, ಚರಂಡಿ, ಉದ್ಯಾನಕ್ಕೆಂದು ಅರ್ಧ ನೆಲ ಬಿಟ್ಟರೂ, ಖರ್ಚು ಕಳೆದರೂ, ಅಂತರ ಎಷ್ಟೆಂದು ಅವನು ಕೇಳಲಾರ. ಏಕೆಂದರೆ ಕೊಳ್ಳುವ ಬೆಲೆ ಒಂದು ಅಳತೆಯಲ್ಲಿದೆ, ಮಾರುವ ಬೆಲೆ ಇನ್ನೊಂದರಲ್ಲಿ. ಇಬ್ಬರೂ ಚದರಮೀಟರಿನಲ್ಲಿ ಮಾತಾಡಿದ್ದರೆ ಎರಡು ಬೆಲೆಗಳೂ ಅಕ್ಕಪಕ್ಕ ನಿಂತು ತಾವೇ ಮಾತಾಡುತ್ತಿದ್ದವು. ಹಳೆಯ ಅಳತೆ ಯಾರ ಪ್ರೀತಿಯಿಂದ ಬದುಕಿದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಸಂದಿ ಇದ್ದರೆ ಯಾರಿಗೆ ಲಾಭವೋ ಅವರು ಸಂದಿಯನ್ನು ಮುಚ್ಚುವುದಿಲ್ಲ.

ಪಕ್ಕದ ಮಹಾರಾಷ್ಟ್ರದ ಭೂದಾಖಲೆಯಲ್ಲಿ ಹೆಕ್ಟೇರು ಬಂದಿದೆ. ಆದರೂ ಅಲ್ಲಿಯ ಜನ ಎಕರೆ ಗುಂಟೆಯನ್ನು ಬಿಟ್ಟಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಅಲ್ಲಿ ಬದಲಾದದ್ದು ಪುಸ್ತಕ, ಪೇಟೆಯಲ್ಲ. ಸೇರು ಹೋದದ್ದು ಸರ್ಕಾರದ ಪುಸ್ತಕದಿಂದಲ್ಲ, ಅಂಗಡಿಯ ತಕ್ಕಡಿಯಿಂದ. ಬೆಲೆ ಹೇಳುವ ಜಾಗದಲ್ಲಿ ಬದಲಾಯಿಸದೆ ಬೇರೆಲ್ಲಿ ಬದಲಾಯಿಸಿದರೂ ಅದು ಅಲಂಕಾರ.

ಹಾಗೆಂದು ಹೂವಾಡಗಿತ್ತಿಯ ಮೊಳಕ್ಕೆ ನಾನು ಕತ್ತರಿ ಹಿಡಿದು ಬಂದವನಲ್ಲ. ಅವಳ ಮೊಳ ಗಿಡ್ಡ, ನನ್ನ ಹೆಂಡತಿಯ ಮೊಳ ಉದ್ದ. ಆ ಜಗಳದ ಸೊಗಸು ಇಬ್ಬರಿಗೂ ಗೊತ್ತು. ಬಾಳೆಹಣ್ಣು ಡಜನ್ನಿನಲ್ಲಿ ಬರಲಿ. ಕಲ್ಲಿನ ಮೇಲೆ ಕಿಲೋಮೀಟರು ಬರೆದು ಅದನ್ನು ಮೈಲಿಗಲ್ಲೆಂದೇ ಕರೆಯೋಣ. ಮಗುವಿಗೆ ನೂರೆರಡು ಜ್ವರ, ಹೊರಗೆ ಮೂವತ್ತೈದು ಬಿಸಿಲು ಎಂದು ಒಂದೇ ಉಸಿರಿನಲ್ಲಿ ಎರಡು ಮಾಪಕದಲ್ಲಿ ಮಾತಾಡುವ ತಾಯಂದಿರಿಗೆ ನನ್ನ ನಮಸ್ಕಾರ. ಮಾತು ಮಾತಿನ ಪಾಡಿಗೆ ಬದುಕಲಿ. ಆದರೆ ಹಣ ಕೈ ಬದಲಾಗುವಲ್ಲಿ, ಪತ್ರಕ್ಕೆ ಸಹಿ ಬೀಳುವಲ್ಲಿ, ಔಷಧಿ ಬಾಯಿಗೆ ಹೋಗುವಲ್ಲಿ ಒಂದೇ ಅಳತೆ ಇರಬೇಕು. ಇಷ್ಟೇ ನನ್ನ ಹಠ.

ಅದಕ್ಕೆ ಬೇಕಾದದ್ದು ಹೊಸ ಆಯೋಗವಲ್ಲ, ಪ್ರಚಾರ ಸಪ್ತಾಹವೂ ಅಲ್ಲ. ಒಂದು ತಾರೀಖು. ಇಂಥ ಏಪ್ರಿಲ್ ಒಂದರಿಂದ ಯಾವ ನೆಲದ ಬೆಲೆಯನ್ನೂ ಚದರಮೀಟರಿನಲ್ಲಲ್ಲದೆ ಹೇಳತಕ್ಕದ್ದಲ್ಲ. ನೋಂದಣಿಯಲ್ಲಿ, ಪಹಣಿಯಲ್ಲಿ, ಜಾಹೀರಾತಿನಲ್ಲಿ ಅದೇ ಅಂಕಿ ಮುಂದೆ. ಹಳೆಯ ಅಂಕಿ ಐದು ವರ್ಷ ಪಕ್ಕದಲ್ಲಿ ಇದ್ದು ಆಮೇಲೆ ನಿವೃತ್ತಿ ಹೊಂದಲಿ. ಒಂದೆರಡು ವರ್ಷ ಗೊಣಗುತ್ತೇವೆ. ಆರೂಕಾಲು ನಯಾಪೈಸೆಗೂ ಗೊಣಗಿದ್ದೆವು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಯಾರಾದರೂ ಥರ್ಟಿ ಫಾರ್ಟಿ ಎಂದರೆ, "ಮೀಟರಿನಲ್ಲಿ ಹೇಳಿ ಸ್ವಾಮಿ" ಎನ್ನಿ. ಹೇಳುವವನ ಮುಖವನ್ನು ಗಮನಿಸಿ. ನಮ್ಮ ಮಿತ್ರರು ಹಾಗೆಯೇ ಮಾಡಿದರು. ಮಾರುವವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಲೆಯಲ್ಲಿ ಸ್ವಲ್ಪ ಹಿಂದೆಮುಂದೆ ಮಾಡೋಣ, ಬನ್ನಿ ಸಾರ್" ಎಂದನಂತೆ.